ಕೊರಗಪ್ಪ ಗುಡಿಸಿದ ಕೆರೆ

ಮುಂಬಯಿಯಲ್ಲಿ ಕೆಲಸ ಸಿಗುತ್ತದೆ, ಊಟ ಸಿಗುತ್ತದೆ, ಜಗಳವಾಡಲು ಜನ ಬೇಕಾದಷ್ಟು ಸಿಗುತ್ತಾರೆ. ಸಿಗದೇ ಇರುವುದು ನಾಲ್ಕು ಗೋಡೆಯ ಒಂದು ರೂಮು. ಅದಿಲ್ಲದ ಗಂಡಸಿಗೆ ಮದುವೆಯಾಗಿದ್ದೂ ಒಂದೇ, ಆಗದೇ ಇದ್ದದ್ದೂ ಒಂದೇ. ಬೈಕುಲ್ಲಾದ ಪೂವಪ್ಪನ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ ಕೊರಗಪ್ಪನ ಪಾಡೂ ಅದೇ ಆಗಿತ್ತು. ಹೆಂಡತಿ ಸೇವಂತಿ ಉಡುಪಿಯ ಹತ್ತಿರ ಅವಳ ತಾಯಿಮನೆಯಲ್ಲಿ, ಇವನು ಹೋಟೆಲಿನ ಬೆಂಚಿನ ಮೇಲೆ. ವರ್ಷಕ್ಕೊಮ್ಮೆ ಹಡಗು ಹತ್ತಿ ಊರಿಗೆ ಹೋಗಿ ಬಂದರೆ ಆ ವರ್ಷದ ಸಂಸಾರ ಮುಗಿಯಿತು. ಅವಳ ಮುಖವೇ ಮರೆತುಹೋದೀತೆಂಬ ಹೆದರಿಕೆ ಅವನಿಗೆ ನಿಜವಾಗಿಯೂ ಇತ್ತು.

ಅಂಥವನಿಗೆ ರೂಮು ಕೊಡಿಸಿದ್ದು ಹಕ್ಕಿಗಳು. ನಗಬೇಡಿ, ಮುಂಬಯಿಯಲ್ಲಿ ಇದಕ್ಕಿಂತ ವಿಚಿತ್ರವಾಗಿ ರೂಮು ಸಿಕ್ಕವರಿದ್ದಾರೆ.

ಮಲಾಡ್ ಸ್ಟೇಷನ್ನಿನಿಂದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕಡೆಗೆ ಟಾಂಗಾದಲ್ಲಿ ಹೋದರೆ ಒಂದು ಕೆರೆ. ಅದರ ಸುತ್ತ ತಾಳೆ, ಹುಣಸೆ, ನೇರಳೆ ಮರಗಳ ಸಣ್ಣದೊಂದು ಕಾಡು. ಕೆರೆಯ ತುದಿಯಲ್ಲಿ ಜೊಂಡು ಬೆಳೆದ ಕೆಸರು. ಇದೆಲ್ಲ ವಿನೋದಿನಿಬಾಯಿ ಎಂಬ ಶ್ರೀಮಂತ ಗುಜರಾತಿ ವಿಧವೆಯ ಜಾಗ. ಆಕೆಯ ಗಂಡನಿಗೆ ಹಕ್ಕಿಗಳ ಹುಚ್ಚು. ಜಾಗವನ್ನು ಹಕ್ಕಿಗಳಿಗೇ ಬಿಡು ಎಂದು ಹೇಳಿ ಆತ ಸತ್ತ. ಗಂಡನ ತಮ್ಮನ ಮಗನಿಗೆ ಪ್ಲಾಟುಗಳ ಹುಚ್ಚು. ಅವನು ಗಟ್ಟಿಮುಟ್ಟಾಗಿ ಬದುಕಿದ್ದ. ಸತ್ತವನಿಗೂ ಬದುಕಿದವನಿಗೂ ನಡುವೆ ಸಿಕ್ಕಿಬಿದ್ದ ಬಾಯಿ ಎಲ್ಲರೆದುರು ಒಂದು ಮಾತು ಹೇಳಿಬಿಟ್ಟಳು. ಮುಂದಿನ ಪಿತೃಪಕ್ಷದಲ್ಲಿ, ಗಂಡನ ಶ್ರಾದ್ಧದ ದಿನ, ತಾನೇ ಬಂದು ನೋಡುತ್ತಾಳೆ. ಹಕ್ಕಿಗಳು ಗೂಡು ಕಟ್ಟಿದ್ದರೆ ಜಾಗ ಶಾಶ್ವತವಾಗಿ ಹಕ್ಕಿಗಳದ್ದು, ಇಲ್ಲವಾದರೆ ಪ್ಲಾಟುಗಳಿಗೆ.

ಹಕ್ಕಿಗಳ ಪರವಾಗಿ ಓಡಾಡಲು ಒಂದು ಪಕ್ಷಿವನ ಮಂಡಳಿ ಹುಟ್ಟಿಕೊಂಡಿತು. ಕಾರ್ಯದರ್ಶಿ ನೀಲಕಂಠಪ್ಪ, ಧಾರವಾಡದ ಕಡೆಯವರು, ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಧಾರವಾಡ ಆಗಿನ್ನೂ ಮುಂಬಯಿ ರಾಜ್ಯದಲ್ಲೇ ಇತ್ತಾದ್ದರಿಂದ ಇಂಥ ದೊಡ್ಡ ಮನುಷ್ಯರು ಸಲೀಸಾಗಿ ಇಲ್ಲಿಗೆ ಬಂದುಬಿಡುತ್ತಿದ್ದರು. ಅವರ ಪ್ರಕಾರ ಹಕ್ಕಿಗಳಲ್ಲಿ ಮೂರೇ ಜಾತಿ: ಬೆಳ್ಳಗಿದ್ದರೆ ಕೊಕ್ಕರೆ, ಕರ್ರಗಿದ್ದರೆ ಕಾಗೆ, ಮಿಕ್ಕದ್ದೆಲ್ಲ ಪರದೇಶಿ. ಮಂಡಳಿ ನಡೆಸಲು ಅಷ್ಟು ಜ್ಞಾನ ಧಾರಾಳವಾಯಿತು. ಕಪ್ಪು ಕೋಟು ಮತ್ತು ಜರಿಯಂಚಿನ ರುಮಾಲು ಅವರಲ್ಲಿ ಮೊದಲೇ ಇದ್ದವು.

ಈ ನೀಲಕಂಠಪ್ಪ ದಿನಾ ಬೆಳಿಗ್ಗೆ ಪೂವಪ್ಪನ ಹೋಟೆಲಿನಲ್ಲಿ ಇಡ್ಲಿ ತಿನ್ನುವವರು. ಗಿರಾಕಿ ಎದ್ದು ಕೈ ತೊಳೆದು ತಿರುಗುವುದರೊಳಗೆ ಟೇಬಲು ಒಣಗಿ ಫಳಫಳ ಅನ್ನಬೇಕು, ಇದು ಪೂವಪ್ಪನ ಕಾನೂನು. ಕೊರಗಪ್ಪ ಆ ಕಾನೂನನ್ನು ದೇವರ ಪೂಜೆಯ ಹಾಗೆ ನಡೆಸುತ್ತಿದ್ದ.

“ಏನಪಾ ಕೊರಗಪ್ಪ, ಎಷ್ಟ್ ಸ್ವಚ್ಛ ಇಡ್ತೀಯೋ ತಮ್ಮಾ!” ಎಂದರು ನೀಲಕಂಠಪ್ಪ ಒಂದು ದಿನ. “ನಮ್ಮ ಪಕ್ಷಿವನಕ್ಕ ನಿನ್ನಂಥಾವ ಬೇಕು ನೋಡು. ಕಾವಲಿ ಕೆಲಸ. ಇರ್ಲಿಕ್ಕೆ ಒಂದು ಖೋಲಿನೂ ಅದ.”

ಖೋಲಿ ಎಂದದ್ದೇ ತಡ, ಕೊರಗಪ್ಪನ ಕೈಯ ಬಟ್ಟೆ ಟೇಬಲಿನ ಮೇಲೆ ನಿಂತುಬಿಟ್ಟಿತು. “ಅಲ್ಲಿಗೆ ಹೆಂಡತಿಯನ್ನು ಕರ್ಕೊಂಡು ಬರ್ಬಹುದಾ ಸ್ವಾಮಿ?”

“ಒಬ್ಬಾಕಿ ಇದ್ರ ಅಡ್ಡಿ ಇಲ್ಲ,” ಎಂದು ನೀಲಕಂಠಪ್ಪ ಔದಾರ್ಯ ತೋರಿದರು. “ಆದ್ರ ಹಕ್ಕಿ ಇರಬೇಕು. ಶ್ರಾದ್ಧದ ದಿನಾ ಬಾಯಾರು ಬಂದಾಗ ಹಕ್ಕಿ ಇದ್ವು ಅಂದ್ರ ಖೋಲಿ ನಿಂದು. ಇಲ್ಲಂದ್ರ ಜಾಗಾನೂ ಹೋತು, ಖೋಲಿನೂ ಹೋತು.”

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಪೂವಪ್ಪ ಧಾರಾಳವಾಗಿ ಒಪ್ಪಿಗೆ ಕೊಟ್ಟ. ಜೊತೆಗೆ ಬುದ್ಧಿಮಾತನ್ನೂ ಕೊಟ್ಟ. “ಹೋಗು ಮಾರಾಯ. ಹಕ್ಕಿ ಆದ್ರೆಂತ, ಗಿರಾಕಿ ಆದ್ರೆಂತ, ಎಲ್ಲ ಒಂದೇ. ಜಾಗ ಕ್ಲೀನ್ ಉಂಟಾ, ಹೊತ್ತಿಗೆ ಸರಿಯಾಗಿ ತಿಂಡಿ ಉಂಟಾ, ಬಂದವರು ಮತ್ತೆ ಬಂದೇ ಬರ್ತಾರೆ.” ಇಡೀ ಬೈಕುಲ್ಲಾವನ್ನು ಈ ಮಂತ್ರದಿಂದಲೇ ಗೆದ್ದ ಮನುಷ್ಯ ಹೇಳಿದ ಮೇಲೆ ಅನುಮಾನ ಎಲ್ಲಿಂದ ಬರಬೇಕು? ಕೊರಗಪ್ಪ ದೀಪಾವಳಿ ಕಳೆದದ್ದೇ ಮಲಾಡಿಗೆ ಹೊರಟ.

ಹೋಗಿ ನೋಡಿದರೆ ಅಯ್ಯೋ ದೇವರೇ, ಎಂಥ ಕೊಳಕು! ಕೆರೆಯ ಮೇಲೆ ಹಸಿರು ಪಾಚಿ, ಮರದಡಿಯಲ್ಲಿ ಕೊಳೆತ ಎಲೆ, ಬಂಡೆಗಳ ಮೇಲೆಲ್ಲ ಹಿಕ್ಕೆ. ಇಂಥ ಜಾಗಕ್ಕೂ ಬೆಳ್ಳಕ್ಕಿ, ನೀರುಕಾಗೆ, ಹುಂಡುಕೋಳಿಗಳು ಬಂದು ಕೂತಿದ್ದವಲ್ಲ, ಅವುಗಳ ಸಹನೆ ಕಂಡು ಅವನ ಕರುಳು ಚುರ್ ಎಂದಿತು. ಪಾಪ, ಬೇರೆ ಒಳ್ಳೆಯ ಹೋಟೆಲು ಸಿಕ್ಕಿರಲಿಕ್ಕಿಲ್ಲ.

ಶುರುಮಾಡಿದ ನೋಡಿ. ಪಾಚಿಯನ್ನು ಹರಿದ ಸೊಳ್ಳೆಪರದೆಯಲ್ಲಿ ಬಾಚಿ ತೆಗೆದ. ಜೊಂಡನ್ನು ಬುಡಮಟ್ಟ ಕೊಯ್ದ. ಎಲೆಗಳನ್ನು ಗುಡಿಸಿ ಸುಟ್ಟ. ಬಂಡೆಗಳಿಗೆ ಸೋಡಾ ಹಾಕಿ ತೆಂಗಿನ ನಾರಿನಿಂದ ತಿಕ್ಕಿದ. ಹುಣಸೆಮರದಲ್ಲಿದ್ದ ಹೋದ ವರ್ಷದ ಗೂಡುಗಳನ್ನು ಬಿದಿರ ಗಳುವಿನಿಂದ ಎಳೆದು ಹಾಕಿದ. ಹಿಂದಿನವರ ಎಂಜಲೆಲೆ ಎತ್ತದೆ ಹೊಸ ಗಿರಾಕಿಯನ್ನು ಕೂರಿಸುವ ಪದ್ಧತಿ ಪೂವಪ್ಪನಲ್ಲಿ ಇರಲಿಲ್ಲ. ಬೆಳಿಗ್ಗೆ ಸಂಜೆ ಕೆರೆಯ ದಂಡೆಯಲ್ಲಿ ಬಾಳೆಲೆ ಹಾಸಿ ಅನ್ನ, ಅವಲಕ್ಕಿ ಬಡಿಸಿ, ನೀರು ಚಿಮುಕಿಸಿ ಕಾದ. ಬಂದದ್ದು ಕಾಗೆಗಳು. ಹೋಗಲಿ, ಬೋಣಿಯಂತೂ ಆಯಿತು ಎಂದುಕೊಂಡ.

ಭಾನುವಾರಗಳಂದು ಮಂಡಳಿ ಬರುತ್ತಿತ್ತು. ಕೊರಗಪ್ಪನ ಉಪ್ಪಿಟ್ಟು ತಿನ್ನುತ್ತಿತ್ತು, ಕೊರಗಪ್ಪನ ಚಹಾ ಕುಡಿಯುತ್ತಿತ್ತು, ಪಕ್ಷಿಸಂಕುಲದ ಭವಿಷ್ಯವನ್ನು ಕುರಿತು ಚಿಂತಿಸುತ್ತಿತ್ತು. ಸದಸ್ಯರೊಬ್ಬರು ದುರ್ಬೀನನ್ನು ತಿರುಗುಮುರುಗು ಹಿಡಿದು ನೋಡಿ, “ಹಕ್ಕಿ ಭಾಳ ದೂರ ಅದಾವ್ರಿ,” ಎಂದರು. ಅವರು ನೋಡುತ್ತಿದ್ದುದು ಹಗ್ಗದ ಮೇಲೆ ಒಣಹಾಕಿದ್ದ ಕೊರಗಪ್ಪನ ಬನಿಯನ್ನು. ನೀಲಕಂಠಪ್ಪ ಬಂಡೆಯ ಮೇಲೆ ಬೆರಳಾಡಿಸಿ ಬೆರಳನ್ನು ನೋಡಿಕೊಂಡರು. “ಭೇಷ್! ನಮ್ಮ ಕಚೇರಿ ಫರಸಿಗಿಂತ ಛಂದ ಆಗೇದ,” ಎಂದರು.

ಛಂದವಾಗುತ್ತ ಆಗುತ್ತ ಹಕ್ಕಿಗಳು ಕಡಿಮೆಯಾದವು. ಮೊದಲು ಹುಂಡುಕೋಳಿ ಕಾಣದಾಯಿತು, ಆಮೇಲೆ ನೀರುಕಾಗೆ. ಶಿವರಾತ್ರಿಯ ಹೊತ್ತಿಗೆ ಬೆಳ್ಳಕ್ಕಿಯೂ ಇಲ್ಲ. ಕೊರಗಪ್ಪ ಗಾಬರಿಯಾಗಿ ಹೇಳಿದರೆ, “ಬ್ಯಾಸಗಿ ರಜಾಕ್ಕ ಹೋಗಿರ್ತಾವ, ಬರ್ತಾವ ತಗೋ. ನೀ ಸ್ವಚ್ಛ ಇಡೋದು ಬಿಡಬ್ಯಾಡ,” ಎಂದರು ನೀಲಕಂಠಪ್ಪ. ಕೊರಗಪ್ಪ ಇನ್ನಷ್ಟು ಜೋರಾಗಿ ತಿಕ್ಕಿದ.

ಮಳೆಗಾಲಕ್ಕೆ ಮೊದಲಿನ ಕೊನೆಯ ಹಡಗಿನಲ್ಲಿ ಸೇವಂತಿ ಬಂದಳು. ರೂಮಿನ ಬಾಗಿಲಲ್ಲಿ ಟ್ರಂಕು ಇಟ್ಟು, ಒಳಗೆ ಹೋಗಿ, ಒಂದೊಂದೇ ಗೋಡೆಯನ್ನು ಅಂಗೈಯಿಂದ ಮುಟ್ಟುತ್ತ ಒಂದು ಸುತ್ತು ಬಂದಳು. “ಇದು ಪೂರ್ತಿ ನಮ್ಮದಾ? ಬೇರೆ ಯಾರೂ ಬರುದಿಲ್ವಾ?” ಎಂದು ಕೇಳಿದಳು. ಇಲ್ಲ ಎಂದು ಅವನು ಹೇಳಿದ್ದೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ಇಷ್ಟು ಸಂತೋಷ ಅವನಿಗೆ ಹುಟ್ಟಿದ ಮೇಲೆ ಆಗಿರಲಿಲ್ಲ.

ಬೆಳಗಾದ ಮೇಲೆ ಸೇವಂತಿ ಕೆರೆಯ ಸುತ್ತ ನಡೆದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಹಕ್ಕಿಗಳು ಎಲ್ಲಿ?”

“ಬರ್ತಾವೆ. ರಜೆಯಲ್ಲಿ ಉಂಟು.”

“ರಜೆಯಾ? ಹಕ್ಕಿಗೆ ಎಂತ ಸ್ಕೂಲುಂಟಾ?” ಎಂದಳು. “ಅಲ್ಲ, ನಿಮ್ಮ ಮಂಡೆ ಸರಿ ಉಂಟಾ? ಇದು ಕೆರೆಯಾ, ಪಾತ್ರೆ ತೊಳೆಯುವ ತೊಟ್ಟಿಯಾ? ಕೆಸರು ಇಲ್ಲ, ಪಾಚಿ ಇಲ್ಲ, ಒಂದು ಕಪ್ಪೆ ಇಲ್ಲ. ಬೆಳ್ಳಕ್ಕಿ ಇಲ್ಲಿ ಬಂದು ಎಂತ ತಿನ್ನುದು? ನಿಮ್ಮ ಧಣಿಯ ಇಡ್ಲಿಯಾ?”

ಕೊರಗಪ್ಪನಿಗೆ ಕೆಟ್ಟ ಕೋಪ ಬಂತು. ಇಡೀ ಮಂಡಳಿ ಭೇಷ್ ಎಂದದ್ದನ್ನು ನಿನ್ನೆ ಹಡಗಿಳಿದ ಹೆಂಗಸು ತೊಟ್ಟಿ ಎನ್ನುವುದೆಂದರೆ! ಮಧ್ಯಾಹ್ನದವರೆಗೆ ಅವಳಿಗೆ ಬೆನ್ನು ಹಾಕಿ ಬಂಡೆ ತಿಕ್ಕಿದ. ಆಗಲೇ ಖಾಡಿಯ ಕಡೆಯಿಂದ ಒಂದು ಬೆಳ್ಳಕ್ಕಿ ಬಂದು ದಂಡೆಯಲ್ಲಿ ಇಳಿಯಿತು. ಕೊರಗಪ್ಪ ಉಸಿರು ಬಿಗಿಹಿಡಿದ. ಅದು ತಿಳಿನೀರಿನೊಳಗೆ ಒಮ್ಮೆ ಇಣುಕಿತು. ಬಾಳೆಲೆಯ ಅವಲಕ್ಕಿಯನ್ನು ನೋಡಿತು. ತಿಂಡಿ ಖಾಲಿ ಎಂದು ಬೋರ್ಡು ಕಂಡ ಗಿರಾಕಿಯ ಹಾಗೆ ತಿರುಗಿ ಹಾರಿಹೋಯಿತು.

ಆಗ ಅವನಿಗೆ ಅರ್ಥವಾಯಿತು. ಬಂಡೆಯ ಮೇಲೆ ಕುಸಿದ. “ರೂಮು ಹೋಯ್ತು ಮಾರಾಯ್ತಿ. ನಾನೇ ಕೈಯಾರೆ ತಿಕ್ಕಿ ತೊಳೆದುಬಿಟ್ಟೆ.”

“ಹೋಗ್ಲಿಲ್ಲ ಇನ್ನೂ. ಮಳೆ ಬರ್ಲಿಕ್ಕುಂಟು,” ಎಂದಳು ಸೇವಂತಿ. “ನೀವು ಮಾತ್ರ ದಯಮಾಡಿ ಎಂತದೂ ಮಾಡ್ಬೇಡಿ.”

ಎಂತದೂ ಮಾಡದೇ ಇರುವುದು! ಹೇಳಿದಷ್ಟು ಸುಲಭವೇ? ಮೀಸೆ ಚಿಗುರುವ ಮೊದಲಿನಿಂದ ಟೇಬಲು ಒರೆಸಿದ ಕೈ ಅದು. ಮಳೆ ಹಿಡಿಯಿತು, ಎಲೆ ಉದುರಿತು, ಉದುರಿದ್ದು ಕೊಳೆಯಿತು, ಕೊರಗಪ್ಪನ ಕೈ ಕಡಿಯಿತು. ಸೇವಂತಿ ಗುಡಿಸುವ ಹಿಡಿಸೂಡಿಯನ್ನು ಅಟ್ಟಕ್ಕೆ ಹಾಕಿ ಏಣಿಯನ್ನು ಬಚ್ಚಿಟ್ಟಳು. ಪಕ್ಕದ ಗದ್ದೆಯ ಕೆಸರನ್ನು ಇಬ್ಬರೂ ಬುಟ್ಟಿಯಲ್ಲಿ ಹೊತ್ತು ತಂದು ಕೆರೆಯ ತುದಿಗೆ ಸುರಿದರು, ಜೊಂಡಿನ ಗೆಡ್ಡೆ ಊರಿದರು. ಪ್ರತಿ ಬುಟ್ಟಿ ಸುರಿದಾಗಲೂ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವಳು ನಕ್ಕು ನಕ್ಕು ಸುಸ್ತಾಗುತ್ತಿದ್ದಳು.

ಮೊದಲು ಕಪ್ಪೆಗಳು ಬಂದವು. ಕಪ್ಪೆಯ ಹಿಂದೆ ನೀರುಹಾವು, ಹಾವಿನ ಹಿಂದೆ ಇನ್ನೇನೋ. ಆಷಾಢದ ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಹುಣಸೆಮರದ ತುಂಬ ಬೆಳ್ಳಕ್ಕಿ. ಕಡ್ಡಿ ಕಚ್ಚಿಕೊಂಡು ಓಡಾಟ, ಜಾಗಕ್ಕಾಗಿ ಕಚ್ಚಾಟ, ಥೇಟ್ ಮುಂಬಯಿ. ಶ್ರಾವಣ ಮುಗಿಯುವಾಗ ಗೂಡುಗಳಿಂದ ಮರಿಗಳು ಕೊರಳು ಚಾಚಿ ಕಿರುಚತೊಡಗಿದವು. ಕೆಳಗೆ ಹಿಕ್ಕೆ, ಜಾರಿಬಿದ್ದ ಮೀನು, ತಡೆಯಲಾಗದ ನಾತ. ಕೊರಗಪ್ಪ ಆ ನಾತವನ್ನು ಎದೆತುಂಬ ಎಳೆದುಕೊಳ್ಳುತ್ತಿದ್ದ. ಒಂದು ಮರಿ ಗೂಡಿನಿಂದ ಬಿದ್ದಾಗ ಮಳೆಯಲ್ಲೇ ಮರ ಹತ್ತಿ ವಾಪಸು ಇಟ್ಟು ಬಂದ. ತಾಯಿಹಕ್ಕಿ ಕೃತಜ್ಞತೆಯಿಂದ ಅವನ ಕಿವಿ ಕುಕ್ಕಿತು.

ಮಳೆಗಾಲವಿಡೀ ಮಂಡಳಿಯ ಸುಳಿವಿರಲಿಲ್ಲ, ಬೂಟಿಗೆ ಕೆಸರಾಗುತ್ತದಲ್ಲ. ಶ್ರಾದ್ಧಕ್ಕೆ ಕೆಲವೇ ದಿನಗಳಿರುವಾಗ ನೀಲಕಂಠಪ್ಪ ಕೊಡೆ ಹಿಡಿದು ಬಂದವರು ಗೇಟಿನಲ್ಲೇ ಮೂಗು ಮುಚ್ಚಿದರು.

“ಏ ಕೊರಗಪ್ಪ! ಇದೇನ್ ಪಕ್ಷಿವನಾನೋ, ತಿಪ್ಪಿನೋ? ಹೆಂಡ್ತಿ ಬಂದ ಮ್ಯಾಲೆ ಸೊಕ್ಕು ಬಂತೇನು ನಿನಗ? ಬಾಯಾರು ಬರೂದ್ರಾಗ ಎಲ್ಲಾ ತೊಳದು ತೆಗಿ. ಆ ಮರದಾಗಿನ ಹೊಲಸು ಕಡ್ಡಿನೂ ಕೆಡವು.”

“ಅದು ಗೂಡು ಸ್ವಾಮಿ.”

“ಏನರ ಇರ್ಲಿ, ಕೆಡವು.”

“ಆಗುದಿಲ್ಲ ಸ್ವಾಮಿ.”

ಗಿರಾಕಿಗೆ ಆಗುವುದಿಲ್ಲ ಎಂದು ಕೊರಗಪ್ಪ ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಹೇಳಿ ಅವನೇ ಬೆವತುಹೋದ. ನೀಲಕಂಠಪ್ಪ ಕೆಂಪಗಾಗಿ, ಗುಡಿಸುವವರ ಗ್ಯಾಂಗನ್ನು ತಾವೇ ಕಳಿಸುವುದಾಗಿ ಗುಡುಗಿ ಹೋದರು. ಗ್ಯಾಂಗು ಬಂದದ್ದೂ ನಿಜ. ಆದರೆ ಸೇವಂತಿ ಅವರನ್ನು ಕೂರಿಸಿ ಬಿಸಿ ಅನ್ನ, ಬಂಗುಡೆ ಮೀನಿನ ಸಾರು ಬಡಿಸಿದಳು. ಅವರು ಸಾಕು ಸಾಕು ಅಂದಷ್ಟೂ ಕೊರಗಪ್ಪ ಬಡಿಸಿದ. ಊಟವಾದ ಮೇಲೆ ಅವರು ನೇರಳೆಮರದ ಕೆಳಗೆ ಒರಗಿದವರು ಎದ್ದದ್ದು ಸಂಜೆ ಮಳೆ ಮುಖಕ್ಕೆ ಹೊಡೆದಾಗ. ಕೆಲಸ ಚೆನ್ನಾಗಿ ಆಯಿತು ಎಂದು ಹೋಗಿ ಹೇಳಿದರು. ನೀಲಕಂಠಪ್ಪ ನಂಬಿದರು; ಬಂದು ನೋಡಬೇಕಾದರೆ ಮತ್ತೆ ಕೆಸರು ತುಳಿಯಬೇಕಿತ್ತಲ್ಲ.

ಶ್ರಾದ್ಧದ ದಿನ ವಿನೋದಿನಿಬಾಯಿ ಬಿಳಿ ಸೀರೆಯುಟ್ಟು ಮೋಟಾರಿನಿಂದ ಇಳಿದಳು. ಹಿಂದೆ ಪ್ಲಾಟಿನ ಹುಚ್ಚಿನ ಆ ಹುಡುಗ, ಅವನ ಹಿಂದೆ ಮಂಡಳಿ. ನೀಲಕಂಠಪ್ಪ ಹೊಸ ರುಮಾಲು ಸುತ್ತಿದ್ದರು. ಹುಣಸೆಮರದ ಕೆಳಗೆ ನಿಂತು, “ನಮ್ಮ ಮಂಡಳಿಯ ಅವಿರತ ಶ್ರಮದಿಂದ...” ಎಂದು ಹಿಂದಿಯಲ್ಲಿ ಶುರುಮಾಡಿದ್ದೇ ಮೇಲಿನಿಂದ ಧಾರಾಳವಾದೊಂದು ಬಿಳಿ ಆಶೀರ್ವಾದ ರುಮಾಲಿನ ಜರಿಯ ಮೇಲೆ ಬಿತ್ತು. ಮಂಡಳಿ ರುಮಾಲನ್ನು ನೋಡಿತು. ಬಾಯಿ ಮಾತ್ರ ತಲೆ ಎತ್ತಿ ನೋಡಿದಳು. ಕೊಂಬೆ ಕೊಂಬೆಗೂ ಗೂಡು, ಗೂಡುಗೂಡಿಗೂ ಬಾಯಿ ತೆರೆದ ಮರಿಗಳು. ನಮ್ಮ ಯಜಮಾನರ ಕೋಟೂ ಯಾವಾಗಲೂ ಹೀಗೇ ಆಗುತ್ತಿತ್ತು, ನಾನು ಬೈಯುತ್ತಿದ್ದೆ ಎಂದು ಹೇಳುತ್ತ ಆಕೆ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಜಾಗ ಹಕ್ಕಿಗಳದ್ದೇ ಎಂದು ಅಲ್ಲೇ ಎಲ್ಲರೆದುರು ಹೇಳಿಬಿಟ್ಟಳು. ಇಷ್ಟು ಚೆನ್ನಾಗಿ ಇದನ್ನು ನೋಡಿಕೊಂಡವರು ಯಾರು ಎಂದು ಕೇಳಿದಳು.

“ನಾವು, ಮಂಡಳಿಯವರು,” ಎಂದರು ನೀಲಕಂಠಪ್ಪ, ರುಮಾಲು ಒರೆಸಿಕೊಳ್ಳುತ್ತ. ಕೊರಗಪ್ಪ ಅಲ್ಲೇ ಚಹಾದ ಟ್ರೇ ಹಿಡಿದು ನಿಂತಿದ್ದ.

ಮೋಟಾರು ಹೋದ ಮೇಲೆ ನೀಲಕಂಠಪ್ಪ ಅವನನ್ನು ಕರೆದರು. “ನಾಳೆ ಖೋಲಿ ಖಾಲಿ ಮಾಡು.”

ಕೊರಗಪ್ಪನಿಗೆ ಕೇಳಿದ್ದು ತಿಳಿಯಲಿಲ್ಲ. “ಹಕ್ಕಿ ಇದ್ರೆ ರೂಮು ನಂದು ಅಂತ ಹೇಳಿದ್ರಲ್ಲ ಸ್ವಾಮಿ?”

“ಹೇಳಿದ ಕೆಲಸಾ ಮಾಡಲಾರದಾಂವಗ ಖೋಲಿ ಎಲ್ಲಿದು? ಹೊಲಸು ಮಾಡಿಟ್ಟೀ, ಎದುರು ಮಾತಾಡಿದಿ, ಮಂದ್ಯಾಗ ನನ್ನ ಮರ್ಯಾದಿ ಕಳದಿ.”

“ಆದ್ರೆ ಹಕ್ಕಿ ಬಂದದ್ದೇ ನಾವು...”

“ಹಕ್ಕಿ ತಮ್ಮಷ್ಟಕ್ಕ ತಾವು ಬಂದಾವ,” ಎಂದರು ನೀಲಕಂಠಪ್ಪ. “ಮತ್ತ ನೀ ಏನ್, ತತ್ತಿ ಇಟ್ಟೀಯೇನು?” ಮಂಡಳಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ದಿನದ ಅತ್ಯುತ್ತಮ ಮಾತು ಅದೇ ಎಂದು ಎಲ್ಲರೂ ಒಪ್ಪಿದರು.

ಅಸಲು ಸಂಗತಿ ಇನ್ನೊಂದಿತ್ತು. ನೀಲಕಂಠಪ್ಪನವರ ಹೆಂಡತಿಯ ತಮ್ಮ ಮುರಿಗೆಪ್ಪ ಕೆಲಸ ಹುಡುಕಲೆಂದು ಊರಿಂದ ಬಂದು ಅಕ್ಕನ ಮನೆಯಲ್ಲಿ ಮಲಗಿದವನು ಇನ್ನೂ ಎದ್ದಿರಲಿಲ್ಲ. ಅವನನ್ನು ಎಲ್ಲಾದರೂ ಸಾಗಿಸಲೇಬೇಕಾಗಿತ್ತು.

ಮಾರನೇ ದಿನ ಮುರಿಗೆಪ್ಪ ಹಾಸಿಗೆಯ ಸುರುಳಿ ಹೊತ್ತು ಬಂದ. ಕೆಟ್ಟವನೇನಲ್ಲ, ನಿದ್ದೆಗಣ್ಣಿನ ಸಾಧು ಮನುಷ್ಯ. ಸೇವಂತಿ ಪಾತ್ರೆ ಕಟ್ಟುತ್ತಿದ್ದಳು, ಅವನತ್ತ ತಿರುಗಿಯೂ ನೋಡಲಿಲ್ಲ.

“ಇಲ್ಲಿ ಏನೇನ್ ಕೆಲಸ ಇರ್ತದರಿ ಅಣ್ಣಾರ?” ಎಂದು ಮುರಿಗೆಪ್ಪ ಆಕಳಿಸುತ್ತ ಕೇಳಿದ.

ಕೊರಗಪ್ಪ ಬಾಯಿ ತೆರೆದ, ಮುಚ್ಚಿದ. ಹುಣಸೆಮರದ ಕಡೆ ನೋಡಿದ. “ಎಂತದೂ ಇಲ್ಲ,” ಎಂದ ಕೊನೆಗೆ. “ಗುಡಿಸ್ಬೇಡಿ, ತೊಳೀಬೇಡಿ, ಕಡೀಬೇಡಿ. ಯಾರು ಹೇಳಿದ್ರೂ ಮಾಡ್ಬೇಡಿ. ಸುಮ್ಮನೆ ಇರಿ.”

ಮುರಿಗೆಪ್ಪನ ಮುಖ ಅರಳಿತು. “ಇದು ನನಗ ಜಮಾಸ್ತದ ಬಿಡ್ರಿ,” ಎಂದ. ಅದು ಅವನಿಗೆ ಒಗ್ಗಿದ್ದೂ ನಿಜ. ಅವನಷ್ಟು ನಿಷ್ಠೆಯಿಂದ ಏನೂ ಮಾಡದೇ ಇದ್ದ ಕಾವಲುಗಾರ ಇಡೀ ಮುಂಬಯಿಯಲ್ಲಿ ಇರಲಿಲ್ಲ. ಕಾಂದಿವಲಿಯ ಹಕ್ಕಿಗಳೂ ಅಲ್ಲಿಗೇ ಬಂದವು. ಮುಂದಿನ ವರ್ಷ ಮಂಡಳಿ ಅವನನ್ನು ಎಬ್ಬಿಸಿ ಶಾಲು ಹೊದಿಸಿತು.

ಆದರೆ ಅದು ಮುಂದಿನ ವರ್ಷದ ಮಾತು. ಆ ದಿನ ಗಂಡಹೆಂಡತಿ ಮಲಾಡಿನಲ್ಲಿ ಲೋಕಲ್ ಹತ್ತಿದರು. ಬೈಕುಲ್ಲಾದಲ್ಲಿ ಕೊರಗಪ್ಪನಿಗೆ ಹೋಟೆಲಿನ ಬೆಂಚು ಇತ್ತು. ಸೇವಂತಿಯನ್ನು ಯಾರದೋ ಚಾಳಿನಲ್ಲಿ ಎರಡು ದಿನ ಇರಿಸಿ, ಮೊದಲು ಸಿಕ್ಕ ಹಡಗಿನಲ್ಲಿ ಊರಿಗೆ ಕಳಿಸಬೇಕು. ಅವಳು ಟ್ರಂಕನ್ನು ಕಾಲ ಹತ್ತಿರ ಇಟ್ಟುಕೊಂಡು ಅಂಧೇರಿ ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದಳು.

“ಅವನಿಗೆ ಎಂತಕ್ಕೆ ಹಾಗೆ ಹೇಳಿದ್ದು ನೀವು?” ಎಂದು ಕೇಳಿದಳು ಕಡೆಗೆ. “ದಿನಾ ಗುಡಿಸು, ಪಾಚಿ ತೆಗಿ, ಗೂಡು ಕೆಡವು ಅಂತ ಹೇಳಿದ್ರೆ ಸಾಕಿತ್ತು. ಒಂದು ಹಕ್ಕಿ ಉಳೀತಿರ್ಲಿಲ್ಲ. ಆಗ ಆ ಮುಂಡಾಸಿನವರು ಬಾಯಿ ಬಡ್ಕೊಂಡು ನಿಮ್ಮನ್ನೇ ಹುಡ್ಕೊಂಡು ಬರ್ತಿದ್ರು.”

ಅವನಿಗೂ ಅದು ಹೊಳೆದಿತ್ತು. ಮುರಿಗೆಪ್ಪ ಕೇಳಿದಾಗ ನಾಲಿಗೆಯ ತುದಿಗೇ ಬಂದಿತ್ತು.

“ಗೂಡಲ್ಲಿ ಮರಿ ಇತ್ತು,” ಎಂದ.

“ನಾನೂ ಇದ್ದೆ,” ಎಂದಳು ಸೇವಂತಿ.

ಗಾಡಿ ಬದಲಿಸಲು ದಾದರಿನಲ್ಲಿ ಇಳಿಯಬೇಕಿತ್ತು. ಅವನು ಕೈ ಚಾಚುವ ಮೊದಲೇ ಅವಳು ಟ್ರಂಕನ್ನು ತಾನೇ ಎತ್ತಿಕೊಂಡು ಜನರ ನಡುವೆ ಇಳಿದುಬಿಟ್ಟಳು.